ಹದಿಮೂರು ಇಂಚಿನ ಪಾತ್ರೆಗೆ ಜಾಗವಿಲ್ಲದ ಕಾರು

ಪೆಂಡ್ರಿ ಮೋಟಾರು ಕಂಪನಿಯ ಮಾರಾಟ ವಿಭಾಗದ ಉಪಾಧ್ಯಕ್ಷರಿಗೆ, ಮಿನೆಸೋಟ ರಾಜ್ಯದ ಎರ್ಲಿಂಗ್ ಊರಿನಿಂದ, ಮಾರ್ಚ್ ತಿಂಗಳ ಎರಡನೆಯ ಮಂಗಳವಾರ, ಎಲ್ಲರೂ ಓದಲೆಂದೇ ಬರೆದದ್ದು.

ಮಾನ್ಯರೇ,

ತಾವೂ ತಮ್ಮ ಮನೆಯವರೂ ತಮ್ಮ ಕಚೇರಿಯ ಹದಿನೆಂಟು ಅಂತಸ್ತುಗಳೂ ಅವುಗಳ ನಡುವೆ ಓಡಾಡುವ ಲಿಫ್ಟುಗಳೂ ಕ್ಷೇಮವಾಗಿರುವರೆಂದು ನಂಬಿ ಬರೆಯುತ್ತಿದ್ದೇನೆ. ಇಲ್ಲಿ ನಾವೆಲ್ಲ ಆರೋಗ್ಯ. ಚಳಿ ತುಸು ಇಳಿದು ಸೊನ್ನೆಗಿಂತ ಹನ್ನೊಂದು ಡಿಗ್ರಿಯಷ್ಟೇ ಕೆಳಗಿರುವುದರಿಂದ ಕೆಲವರು ಕೋಟಿನ ಗುಂಡಿ ಬಿಚ್ಚಿಕೊಂಡು ಓಡಾಡುತ್ತಿದ್ದಾರೆ. ನಾನು ಆರ್ಡಿಸ್ ಟೊಲೆಫ್ಸನ್. ಇಲ್ಲಿ ತಮ್ಮ ಕಂಪನಿಯ ಕಾರುಗಳನ್ನು ಮಾರುವ ವೆಂಡೆಲ್ ಗ್ರೋಥೆಯವರ ಶೋರೂಮಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕಾಗದಪತ್ರ ನೋಡಿಕೊಳ್ಳುವವಳು, ಭಾನುವಾರ ಲುಥೆರನ್ ಚರ್ಚಿನ ಅಡುಗೆಮನೆ ನೋಡಿಕೊಳ್ಳುವವಳು. ಅರವತ್ತಮೂರು ವರ್ಷದ ಈ ಬದುಕಿನಲ್ಲಿ ಯಾರ ಮೇಲೂ ದೂರು ಬರೆದವಳಲ್ಲ. ಹೋದ ವರ್ಷ ಹಲ್ಲಿನ ಡಾಕ್ಟರು ನೋಯುತ್ತಿದ್ದ ಹಲ್ಲು ಬಿಟ್ಟು ಪಕ್ಕದ್ದನ್ನು ಕಿತ್ತಾಗಲೂ, ಅದೂ ಒಂದಲ್ಲ ಒಂದು ದಿನ ಹೋಗಬೇಕಾದದ್ದೇ ಎಂದು ವಂದನೆ ಹೇಳಿ ಬಂದವಳು. ಆದಕಾರಣ ದೂರು ಬರೆಯುವ ರೀತಿಯಲ್ಲಿ ಏನಾದರೂ ಕುಂದುಕೊರತೆ ಕಂಡರೆ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು.

ತಾವು ವೆಂಡೆಲ್ ಅವರಿಗೆ ಕಳಿಸಿದ ಪತ್ರ ತಲುಪಿತು. ಎಷ್ಟು ದಪ್ಪನೆಯ ಒಳ್ಳೆಯ ಕಾಗದ. 'ಪ್ಲೋವರ್' ಎಂಬ ತಮ್ಮ ಸ್ಟೇಷನ್ ವ್ಯಾಗನ್ನು ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ನಲವತ್ತೊಂದು ಮಾರಾಟವಾಗುತ್ತಿದ್ದದ್ದು ಹೊಸ ಮಾದರಿ ಬಂದ ಮೇಲೆ ಆರಕ್ಕೆ ಇಳಿದಿದೆ, ಕಂಪನಿ ನಡೆಸಿದ ಸಮೀಕ್ಷೆಯಲ್ಲಿ ಇದೇ ಊರಿನ ಜನ ಅದೇ ಹೊಸ ಮಾದರಿಗೆ ನೂರಕ್ಕೆ ತೊಂಬತ್ತಾರು ಅಂಕ ಕೊಟ್ಟಿದ್ದಾರೆ, ಕಾರೂ ಚೆನ್ನಾಗಿದ್ದು ಜನಕ್ಕೂ ಅದು ಬೇಕಾಗಿದ್ದು ಮಾರಾಟ ಮಾತ್ರ ಆಗುತ್ತಿಲ್ಲವೆಂದರೆ ತಪ್ಪು ಮಾರುವವನದ್ದೇ, ಆದ್ದರಿಂದ ಏಪ್ರಿಲ್ ಮೂವತ್ತಕ್ಕೆ ವೆಂಡೆಲ್ ಗ್ರೋಥೆಯವರ ಏಜೆನ್ಸಿ ರದ್ದಾಗುತ್ತದೆ ಎಂದು ತಾವು ತಿಳಿಸಿದ್ದೀರಿ. ಇದರಲ್ಲಿನ ತರ್ಕಕ್ಕೆ ನಾನು ತಲೆಬಾಗುತ್ತೇನೆ. ವೆಂಡೆಲ್ ಕೂಡ ಅದನ್ನು ಎರಡು ಸಲ ಓದಿ, ಮಡಿಸಿ, "ಅವ್ರು ಹೇಳೋದ್ರಲ್ಲೂ ಅರ್ಥ ಇದೆ ಬಿಡು ಆರ್ಡಿಸ್" ಎಂದು ಸಲಿಕೆ ತೆಗೆದುಕೊಂಡು ಹೊರಗೆ ಹೋಗಿ, ಆಗಲೇ ಹಿಮ ತೆಗೆದಾಗಿದ್ದ ಅಂಗಳವನ್ನು ಇನ್ನೊಂದು ಸಲ ಕೆರೆದರು. ಆ ಸಲಿಕೆಯ ಸದ್ದು ಕೇಳುತ್ತಾ ಕೂತಿದ್ದಾಗ ನನಗೆ ಸಿಟ್ಟು ಬಂತು. ನಮ್ಮ ಮನೆತನದಲ್ಲಿ ಸಿಟ್ಟು ಅಪರೂಪವಾದ್ದರಿಂದ ಅದು ಸಿಟ್ಟೋ ಎದೆಯುರಿಯೋ ಎಂದು ತಿಳಿಯಲು ಮಧ್ಯಾಹ್ನದವರೆಗೂ ಹಿಡಿಯಿತು.

ತಮ್ಮ ಕಂಪನಿಯ ಕಾರುಗಳ ಮಾರಾಟ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂದು ತಿಳಿಯಲು ತಾವು ವರ್ಷವೂ ಪಡುವ ಪಾಡು ನೋಡಿ ನನಗೆ ಬಹಳ ಸಲ ಮರುಕವಾಗಿದೆ. ಆ ಬಣ್ಣಬಣ್ಣದ ವರದಿಗಳನ್ನು ಸಾಲು ಬಿಡದೆ ಓದುವವಳು ಎರ್ಲಿಂಗ್‌ನಲ್ಲಿ ನಾನೊಬ್ಬಳೇ ಇರಬೇಕು. 'ಸ್ಟ್ಯಾಂಪೀಡ್' ಪಿಕಪ್ ಟ್ರಕ್ಕು ನಮ್ಮಲ್ಲಿ ಚೆನ್ನಾಗಿ ಹೋಗುವುದಕ್ಕೆ ಜನರೊಳಗಿನ ಪರ್ವತಾರೋಹಣದ ಹಂಬಲವೇ ಕಾರಣವೆಂದು ತಾವು ಬರೆದಿದ್ದಿರಿ. ಜಾಹೀರಾತಿನಲ್ಲೂ ಅದು ಕೆಂಪು ಬಂಡೆಗಳನ್ನು ಹತ್ತುತ್ತಲೇ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗವೆಂದರೆ ಸಕ್ಕರೆ ಕಾರ್ಖಾನೆಯ ಹಿಂದಿನ ಬೀಟ್‌ಗೆಡ್ಡೆಯ ರಾಶಿ, ಅದನ್ನು ಹತ್ತಲು ಬಿಡುವುದಿಲ್ಲ. ಸ್ಟ್ಯಾಂಪೀಡ್ ಮಾರಾಟವಾಗುವುದು ಅದರ ಮುಂಗಾಜಿನ ಕೆಳಗಿರುವ ಹಲಗೆಯಂಥ ಜಾಗದಿಂದಾಗಿ. ಅಲ್ಲಿ ಬಿಸಿಗಾಳಿಯ ಕಿಂಡಿ ಸರಿಯಾಗಿ ನಡುವಿಗೆ ಬಂದಿದೆ. ಒದ್ದೆಯಾದ ಉಣ್ಣೆಯ ಕೈಗವಸು ನಾಲ್ಕು ಜೊತೆ ಸಾಲಾಗಿ ಇಟ್ಟರೆ ಮನೆ ಮುಟ್ಟುವಷ್ಟರಲ್ಲಿ ಒಣಗಿರುತ್ತವೆ. ಆ ಕಿಂಡಿಯನ್ನು ಅಲ್ಲಿಟ್ಟ ಪುಣ್ಯಾತ್ಮ ಯಾರೆಂದು ತಿಳಿದರೆ ಚರ್ಚಿನ ಹೆಂಗಸರು ಅವನಿಗೊಂದು ಜೊತೆ ಹೆಣೆದು ಕಳಿಸುತ್ತಾರೆ.

ಹಾಗೆಯೇ 'ಫಿಂಚ್' ಎಂಬ ಪುಟ್ಟ ವಿದ್ಯುತ್ ಕಾರು. ವರ್ಷವಿಡೀ ಒಂದೂ ಹೋಗದೆ ಡಿಸೆಂಬರಿನಲ್ಲಿ ಒಮ್ಮೆಗೇ ಏಳು ಹೋದದ್ದು ಕಂಡು ತಾವು ಹಬ್ಬದ ಕಾಲದ ಪರಿಸರ ಪ್ರೇಮ ಎಂದು ಬರೆದಿದ್ದಿರಿ. ಪರಿಸರಕ್ಕೂ ನಮಗೂ ಒಳ್ಳೆಯ ಸಂಬಂಧವಿದೆ, ಇಲ್ಲವೆನ್ನುವುದಿಲ್ಲ. ಆದರೆ ಡಿಸೆಂಬರಿನಲ್ಲಿ ಕೆರೆ ಹೆಪ್ಪುಗಟ್ಟುತ್ತದೆ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವ ಕಾಲ ಶುರುವಾಗುತ್ತದೆ, ಮತ್ತು ಫಿಂಚ್ ಹೊರಡುವಾಗ ಸದ್ದೇ ಮಾಡುವುದಿಲ್ಲ. ಹೆಂಡತಿ ಏಳುವ ಮುಂಚೆ ಗಂಡ ಗೇಟು ದಾಟಿರುತ್ತಾನೆ. ಇದನ್ನು ನನಗೆ ತಿಳಿಸಿದವನು ಧಾನ್ಯದ ಗೋದಾಮಿನ ಡುವೇನ್ ಸ್ಲೆಟನ್; ಕಾರಿನ ಕಾಗದಕ್ಕೆ ಸಹಿ ಹಾಕುತ್ತಾ, "ಮೀನಿನ ವಿಷ್ಯ ನಿನ್ನಲ್ಲೇ ಇರ್ಲಿ ಆರ್ಡಿಸ್, ನಮ್ಮ ಮನೆಯವಳಿಗೆ ಮಾತ್ರ ಪೆಟ್ರೋಲ್ ಉಳಿಸೋಕೆ ಅಂತ ಹೇಳ್ಬಿಡು" ಎಂದಿದ್ದ. ಅವನ ಹೆಂಡತಿ ಈ ಪತ್ರವನ್ನು ಓದುತ್ತಾಳೆಂದು ಗೊತ್ತಿದ್ದೇ ಬರೆದಿದ್ದೇನೆ. ದೂರು ಬರೆಯುವುದು ಒಮ್ಮೆ ಶುರುವಾದರೆ ಕೈ ನಿಲ್ಲುವುದಿಲ್ಲವೆಂದು ಈಗ ತಿಳಿಯುತ್ತಿದೆ.

ಇನ್ನು ಪ್ಲೋವರ್. ಹಳೆಯ ಪ್ಲೋವರ್‌ನ ಡಿಕ್ಕಿಯ ತಳದಲ್ಲಿ ಒಂದು ಆಳವಿಲ್ಲದ ಗುಂಡಿಯಿತ್ತು. ಅದನ್ನು ತಮ್ಮ ಎಂಜಿನಿಯರುಗಳು ಒದ್ದೆ ಬೂಟು ಇಡಲೆಂದು ಮಾಡಿದ್ದರಂತೆ. ಕೈಪಿಡಿಯ ನೂರ ಹನ್ನೆರಡನೆಯ ಪುಟದಲ್ಲಿ ಬೂಟಿನ ಚಿತ್ರವೂ ಇದೆ. ನಮ್ಮ ಸೀಮೆಯ ಪ್ರತಿ ಅಡುಗೆಮನೆಯಲ್ಲೂ ಒಂಬತ್ತು ಇಂಚು ಅಗಲ, ಹದಿಮೂರು ಇಂಚು ಉದ್ದದ ಗಾಜಿನ ಪಾತ್ರೆ ಇರುತ್ತದೆ. ಮಾಂಸ, ಅಣಬೆ ಸೂಪು, ಬಟಾಣಿ ಎಲ್ಲ ಬೆರೆಸಿ ಮೇಲೆ ಆಲೂಗಡ್ಡೆಯ ತುಣುಕು ಹರಡಿ ಓವನ್ನಿನಲ್ಲಿ ಬೇಯಿಸಿದರೆ ಅದೇ ಹಾಟ್‌ಡಿಶ್. ಮಗು ಹುಟ್ಟಿದರೆ ಹಾಟ್‌ಡಿಶ್, ಮನೆ ಬದಲಿಸಿದರೆ ಹಾಟ್‌ಡಿಶ್, ಮನುಷ್ಯ ಸತ್ತರೆ ಮನೆಗೊಂದರಂತೆ ಹಾಟ್‌ಡಿಶ್. ಆ ಬೂಟಿನ ಗುಂಡಿಯಲ್ಲಿ ಈ ಪಾತ್ರೆ, ಸುತ್ತ ಟವೆಲು ತುರುಕಲು ಬೆರಳಿನಷ್ಟು ಜಾಗ ಬಿಟ್ಟು, ಒಂದರ ಪಕ್ಕ ಒಂದರಂತೆ ಎರಡು ಕೂರುತ್ತಿದ್ದವು. ತಮ್ಮ ವರದಿ ಪ್ಲೋವರ್ ಕೊಳ್ಳುವವರನ್ನು ಸಾಹಸಪ್ರಿಯ ಕುಟುಂಬಗಳು ಎಂದು ಕರೆದಿತ್ತು. ಕೊಂಡವರ ಸರಾಸರಿ ವಯಸ್ಸು ಅರವತ್ತೇಳು, ಅವರ ಸಾಹಸ ಒಂಬತ್ತನೇ ರಸ್ತೆಯ ರೈಲ್ವೆ ಹಳಿಯನ್ನು ಸೂಪು ಚೆಲ್ಲದಂತೆ ದಾಟುವುದು.

ವೆಂಡೆಲ್ ಅವರ ವ್ಯಾಪಾರದ ಗುಟ್ಟು ಇಷ್ಟೇ. ಗಿರಾಕಿ ಬಂದರೆ ಅವರು ಬಾನೆಟ್ ತೆಗೆಯುತ್ತಿರಲಿಲ್ಲ, ಡಿಕ್ಕಿ ತೆಗೆಯುತ್ತಿದ್ದರು. ಗಿರಾಕಿ ಕಂಕುಳಲ್ಲಿದ್ದ ಟವೆಲಿನ ಗಂಟು ಬಿಚ್ಚಿ ಖಾಲಿ ಪಾತ್ರೆ ಇಟ್ಟು ನೋಡುವಾಗ ಅವರು ಮರ್ಯಾದೆಗೆ ಬೇರೆ ಕಡೆ ನೋಡುತ್ತಿದ್ದರು. ಆಮೇಲೆ ಕಾಗದ ನನ್ನ ಮೇಜಿಗೆ ಬರುತ್ತಿತ್ತು. ನನ್ನ ಗಂಡ ಮರ್ಲ್ ತೀರಿಕೊಂಡ ಫೆಬ್ರವರಿಯಲ್ಲಿ, ಯಾರೂ ಹೊರಗೆ ಕಾಲಿಡಲಾಗದ ಹಿಮದಲ್ಲಿ, ವೆಂಡೆಲ್ ಶೋರೂಮಿನ ಪ್ಲೋವರ್ ತೆಗೆದುಕೊಂಡು ಮನೆಮನೆಗೆ ಹೋಗಿ ಆರು ಸುತ್ತು ಹೊಡೆದು ಹನ್ನೊಂದು ಪಾತ್ರೆಗಳನ್ನು ಚರ್ಚಿಗೆ ತಂದು ಇಳಿಸಿದರು, ಒಂದು ತೊಟ್ಟೂ ಚೆಲ್ಲಿರಲಿಲ್ಲ. ಅಂದು ನನಗೆ ಯಾರು ಏನು ಹೇಳಿದರೆಂದು ಒಂದೂ ನೆನಪಿಲ್ಲ, ಆ ಹನ್ನೊಂದು ಪಾತ್ರೆಗಳು ಮಾತ್ರ ನೆನಪಿವೆ. ಈ ಮನುಷ್ಯನಿಗೆ ಕಾರು ಮಾರಲು ಬರುವುದಿಲ್ಲವೆಂದು ತಾವು ಬರೆದಿದ್ದೀರಿ.

ಹೊಸ ಪ್ಲೋವರ್‌ನಲ್ಲಿ ತಾವು ಆ ಗುಂಡಿಯನ್ನು ಮುಚ್ಚಿ, ಅದರ ಜಾಗದಲ್ಲಿ ಗುಡುಗಿನಂಥ ದನಿ ಹೊರಡಿಸುವ ಸ್ಪೀಕರಿನ ಡಬ್ಬವೊಂದನ್ನು ಕೂರಿಸಿದ್ದೀರಿ. ಅದರ ಮೇಲ್ಭಾಗ ಗುಮ್ಮಟದಂತಿದೆ. ನಮ್ಮ ಚರ್ಚಿನ ಆರ್ಗನ್ನಿಗೂ ಅಂಥ ದನಿಯಿಲ್ಲ, ಅದಕ್ಕಾಗಿ ತಮಗೆ ಅಭಿನಂದನೆಗಳು. ಮೊದಲ ಕಾರು ಬಂದ ದಿನವೇ ಗುಡ್ರನ್ ಓಸ್ ಎಂಬ ಎಪ್ಪತ್ತೆರಡರ ಹೆಂಗಸು ಪಾತ್ರೆ ಸಮೇತ ಬಂದಳು. ಎಡಕ್ಕಿಟ್ಟಳು, ಬಲಕ್ಕಿಟ್ಟಳು, ಓರೆಯಾಗಿ ಆನಿಸಿದಳು, ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು, "ತುಂಬಾ ಚೆನ್ನಾಗಿದೆ ವೆಂಡೆಲ್. ಬಣ್ಣ ಅಂತೂ ಕೇಳೋದೇ ಬೇಡ. ನಾವೊಂಚೂರು ಯೋಚ್ನೆ ಮಾಡಿ ಹೇಳ್ತೀವಿ, ಆಯ್ತಾ?" ಎಂದಳು. ಅವಳು ಇನ್ನೂ ಯೋಚನೆ ಮಾಡುತ್ತಿದ್ದಾಳೆ. ಅವಳ ಹಿಂದೆಯೇ ಇಡೀ ಊರು ಯೋಚನೆಗೆ ಕೂತಿದೆ.

ಇಲ್ಲಿ ತಪ್ಪು ನಮ್ಮದೂ ಇದೆ, ಒಪ್ಪಿಕೊಳ್ಳುತ್ತೇನೆ. ಜನವರಿಯಲ್ಲಿ ತಾವು ಸಮೀಕ್ಷೆಗೆ ಕಳಿಸಿದ ಶ್ರೀಮತಿ ಪ್ರೆಸ್ಕಾಟ್ ಬಹಳ ಒಳ್ಳೆಯವರು. ಅಷ್ಟು ತೆಳುವಾದ ಬೂಟು ಹಾಕಿಕೊಂಡು ಅಷ್ಟು ದೂರದಿಂದ ಬಂದಿದ್ದರು. ಮನೆಮನೆಗೂ ಹೋಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ಕಾಫಿ ಕುಡಿದು, ಹೊಸ ಪ್ಲೋವರ್‌ಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದರು. ನಮ್ಮ ಮೇಜಿನಲ್ಲಿ ಕಾಫಿ ಕುಡಿಯುತ್ತಿರುವವರ ಎದುರಿಗೇ, ಅವರು ಓಡಿಸಿಕೊಂಡು ಬಂದ ಕಾರನ್ನು ಹಳಿಯುವುದು ನಮ್ಮಲ್ಲಿ ಇಲ್ಲ, ನಮ್ಮ ಅಜ್ಜಂದಿರು ಹಡಗು ಹತ್ತಿದ ನಾರ್ವೆಯಲ್ಲೂ ಇರಲಿಲ್ಲವಂತೆ. ಗುಡ್ರನ್ ಹತ್ತು ಕೊಟ್ಟಳು. ಡುವೇನ್ ಒಂಬತ್ತೂವರೆ ಕೊಟ್ಟು, ಆ ಅರ್ಧಕ್ಕಾಗಿ ಎರಡು ದಿನ ಪೇಚಾಡಿದ. ಆ ಸ್ಪೀಕರನ್ನು ನೆನೆದರೆ ಮೈ ಉರಿಯುತ್ತಿದ್ದ ನಾನು, ಅವರು ನನ್ನ ನಿಂಬೆಯ ಸಿಹಿಯನ್ನು ಎರಡನೆಯ ಸಲ ಹಾಕಿಸಿಕೊಂಡದ್ದರಿಂದ, ಹತ್ತಕ್ಕೆ ಹತ್ತು ಕೊಟ್ಟು "ಹನ್ನೊಂದು ಇದೆಯಾ ನೋಡಿ" ಎಂದೆ. ಹೀಗೆ ನಾವೆಲ್ಲ ಸೇರಿ ಒಳ್ಳೆಯ ಮಾತಾಡಿ ಆಡಿ ವೆಂಡೆಲ್ ಅವರ ಅಂಗಡಿಗೆ ಬೀಗ ತಂದಿಟ್ಟೆವು. ಎರ್ಲಿಂಗ್ ಬಿಟ್ಟು ಬೇರೆಲ್ಲೂ ಜನ ಇಂಥ ತಪ್ಪು ಮಾಡಲಾರರು.

ಶ್ರೀಮತಿ ಪ್ರೆಸ್ಕಾಟ್ ಹೊರಡುವ ದಿನ ಚರ್ಚಿನ ಹೆಂಗಸರ ಪರವಾಗಿ ನಾನು ಅವರ ಕೈಗೆ ಒಂದು ಹಾಟ್‌ಡಿಶ್ ಕೊಟ್ಟೆ. ಅವರು ಬೇಡ ಎಂದರು, ನಾನು ತೆಗೆದುಕೊಳ್ಳಿ ಎಂದೆ, ಅವರು ಮತ್ತೆ ಬೇಡ ಎಂದರು. ಮೂರನೆಯ ಸಲ ತೆಗೆದುಕೊಂಡರು. ಕಂಪನಿಯ ಹೊಸ ಪ್ಲೋವರ್‌ನ ಗುಮ್ಮಟದ ಮೇಲೆ ಅದನ್ನಿಟ್ಟು ಹೊರಟರು. ಒಂಬತ್ತನೇ ರಸ್ತೆಯ ಹಳಿ ದಾಟಿದ ಮೇಲೆ ಕಾರು ನಿಂತಿತು. ಅವರು ಇಳಿದು ಡಿಕ್ಕಿ ತೆಗೆದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಆ ಚಳಿಯಲ್ಲಿ ನಾಲ್ಕು ನಿಮಿಷ ಹಾಗೇ ನಿಂತಿದ್ದದ್ದನ್ನು ಗೋದಾಮಿನಿಂದ ನೋಡಿದ ಡುವೇನ್ ಹತ್ತಿರ ಹೋಗಿ, "ಏನಾದ್ರೂ ತೊಂದ್ರೆ ಆಯ್ತಾ ಮೇಡಂ?" ಎಂದು ಕೇಳಿದ. "ಏನಿಲ್ಲ, ಏನಿಲ್ಲ. ಎಲ್ಲಾ ಚೆನ್ನಾಗಿದೆ" ಎಂದು ಅವರು ಡಿಕ್ಕಿ ಮುಚ್ಚಿದರಂತೆ. ಮೂರೇ ದಿನದಲ್ಲಿ ಅವರು ನಮ್ಮವರಾಗಿಬಿಟ್ಟಿದ್ದರು. ಮುಂದಿನ ವಾರ, ಊಟ ಬಹಳ ರುಚಿಯಾಗಿತ್ತೆಂದು ಅವರಿಂದ ಕಾರ್ಡೂ ಬಂತು.

ಹಾಗಾಗಿ, ಮಾನ್ಯರೇ, ಮಾರಾಟ ಏಕೆ ಇಳಿಯಿತೆಂಬುದರ ಸಾಕ್ಷ್ಯ ತಮ್ಮ ಕಚೇರಿಯ ಕೆಳಗಿನ ಪಾರ್ಕಿಂಗಿನಲ್ಲೇ ಇದೆ. ತಾವು ಲಿಫ್ಟಿನಲ್ಲಿ ಇಳಿದು ಹೋಗಿ, ಅಲ್ಲಿರುವ ಪ್ಲೋವರ್‌ಗಳಲ್ಲಿ ಒಂದೊಂದಾಗಿ ಹಾಡು ಹಾಕಿಸಬೇಕು. ಯಾವುದರಲ್ಲಿ ಡ್ರಮ್ಮಿನ ಪೆಟ್ಟಿಗೊಮ್ಮೆ ಅಣಬೆ ಸೂಪಿನ ವಾಸನೆ ಏಳುತ್ತದೋ ಅದೇ ಆ ಕಾರು. ವರದಿಯಲ್ಲಿ ಬಿಟ್ಟುಹೋದ ಸಾಲು ಅದರ ಸ್ಪೀಕರಿನೊಳಗೆ ಒಣಗಿ ಕೂತಿರುತ್ತದೆ. ಶ್ರೀಮತಿ ಪ್ರೆಸ್ಕಾಟ್ ಅವರನ್ನು ಮಾತ್ರ ಬೈಯಬಾರದು.

ಕಾರಿನಲ್ಲಿ ಆ ಗುಂಡಿಯನ್ನು ಮತ್ತೆ ತೋಡಿಸುವುದು ತಮಗೆ ಕಷ್ಟವಾದರೆ ನಮ್ಮ ಒತ್ತಾಯವಿಲ್ಲ. ಬೇರೆ ದಾರಿಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ. ರೈಲ್ವೆಯವರಿಗೆ ಹೇಳಿ ಒಂಬತ್ತನೇ ರಸ್ತೆಯ ಹಳಿಯನ್ನು ಎತ್ತಿ ಪಕ್ಕದ ಜಿಲ್ಲೆಯಲ್ಲಿ ಹಾಕಿಸಬಹುದು. ಅದಾಗದಿದ್ದರೆ ದೇಶದ ಎಲ್ಲ ಗಾಜಿನ ಕಾರ್ಖಾನೆಗಳಿಗೂ ಎಲ್ಲ ಅಜ್ಜಿಯರಿಗೂ ಸುತ್ತೋಲೆ ಕಳಿಸಿ, ಇನ್ನು ಮುಂದೆ ಪಾತ್ರೆಗಳನ್ನು ತಮ್ಮ ಸ್ಪೀಕರಿನ ಗುಮ್ಮಟಕ್ಕೆ ಹೊಂದುವಂತೆ ಟೋಪಿಯ ಆಕಾರದಲ್ಲಿ ಮಾಡಿಸಬಹುದು. ಅದೂ ಆಗದಿದ್ದರೆ ಸಾಯುವುದನ್ನು ಮುಂದಕ್ಕೆ ಹಾಕುವಂತೆ ನಮ್ಮ ಜಿಲ್ಲೆಯ ಹಿರಿಯರಿಗೆ ತಾವೇ ಒಂದು ಮಾತು ಬರೆದರೆ, ದಪ್ಪ ಕಾಗದದಲ್ಲಿ ಬಂದದ್ದನ್ನು ಅವರು ತಳ್ಳಿಹಾಕುವುದಿಲ್ಲ. ಏಪ್ರಿಲ್ ಮೂವತ್ತರ ನಂತರ ಹೊಸ ಕಾರಿಗೆ ನಾವು ಎಪ್ಪತ್ನಾಲ್ಕು ಮೈಲಿ ಹೋಗಬೇಕು. ಅಲ್ಲಿನ ಮಾರಾಟಗಾರರು ಮೊದಲು ಬಾನೆಟ್ ತೆಗೆಯುತ್ತಾರಂತೆ.

ಈ ಪತ್ರದ ಕರಡನ್ನು ಮೊನ್ನೆ ಭಾನುವಾರ ಚರ್ಚಿನಲ್ಲಿ ಕಾಫಿಯ ಹೊತ್ತಿಗೆ ಮೇಜಿನ ಮೇಲೆ ಇಟ್ಟಿದ್ದೆ. ಇನ್ನೂರ ಹದಿನೆಂಟು ಜನ ಸಹಿ ಹಾಕಿದ್ದಾರೆ. ನೂರಾ ನಲವತ್ತು ಜನ ಸಹಿಯ ಪಕ್ಕದಲ್ಲಿ 'ತಮಗೆ ತೊಂದರೆಯಾಗದಿದ್ದರೆ' ಎಂದು ಸೇರಿಸಿದ್ದಾರೆ. ಗುಡ್ರನ್ ಮಾತ್ರ ತನ್ನ ಹತ್ತು ಅಂಕವನ್ನು ವಾಪಸು ಕೇಳಿದ್ದಾಳೆ. ನನ್ನದನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಇಷ್ಟು ಒರಟಾಗಿ ಮಾತನಾಡಿದ್ದಕ್ಕೆ ಕ್ಷಮಿಸಬೇಕು, ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಜಗಳ ಯಾರೂ ಆಡಿಲ್ಲ.

ತಮ್ಮ ಹದಿನೆಂಟು ಅಂತಸ್ತುಗಳಿಗೂ ಶುಭ ಕೋರುವ,

ತಮ್ಮ ವಿಶ್ವಾಸಿ,
ಆರ್ಡಿಸ್ ಟೊಲೆಫ್ಸನ್

ಮರೆತ ಮಾತು: ಶ್ರೀಮತಿ ಪ್ರೆಸ್ಕಾಟ್ ಅವರ ಬಳಿ ಉಳಿದಿರುವ ಪಾತ್ರೆ ನನ್ನದು. ತಳದಲ್ಲಿ ಅಂಟಿಸಿದ ಪಟ್ಟಿಯ ಮೇಲೆ ನನ್ನ ಹೆಸರಿದೆ. ಅವಸರವೇನಿಲ್ಲ, ಏಪ್ರಿಲ್ ಮೂವತ್ತರ ಒಳಗೆ ಕಳಿಸಿದರೆ ಸಾಕು. ಆದರೆ ಯಾರದೇ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವುದು ನಮ್ಮಲ್ಲಿಲ್ಲ, ಏನನ್ನಾದರೂ ಹಾಕಿಯೇ ಕೊಡುತ್ತಾರೆ. ತಮಗೆ ಅಡುಗೆ ಬರುವುದೋ ಇಲ್ಲವೋ ತಿಳಿಯದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವೆಂಡೆಲ್ ಅವರ ಏಜೆನ್ಸಿಯನ್ನು ಮುಂದುವರಿಸಲು ತಾವು ಹಿಂದೆಲ್ಲ ಕಳಿಸುತ್ತಿದ್ದ ಕಾಗದವನ್ನು ಅಳತೆ ಮಾಡಿ ನೋಡಿದ್ದೇನೆ. ಎಂಟೂವರೆಗೆ ಹನ್ನೊಂದು ಇಂಚು. ನನ್ನ ಪಾತ್ರೆಯಲ್ಲಿ ಮಡಿಸದೆಯೇ ಕೂರುತ್ತದೆ.