ನಿಲ್ಲದ ಲೂಪಿಗೆ ಒಂದು ಖಾಯಂ ಹುದ್ದೆ

ಶ್ರೀನಿವಾಸಪುರದ ಗ್ರಾಮೋನ್ನತಿ ಕಂಪ್ಯೂಟರ್ ಕೇಂದ್ರದಲ್ಲಿ ಒಮ್ಮೆ ಶುರುವಾದ ಲೂಪನ್ನು ಮೇಲಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಯಾರೂ ನಿಲ್ಲಿಸತಕ್ಕದ್ದಲ್ಲ. ಗೋಡೆ ಮೇಲೆ ಹಾಗಂತ ಅಂಟಿಸಿದ್ದಾರೆ. ನನಗೆ ಓದು ಬರೊಲ್ಲ, ಓದಿಸಿ ಕೇಳಿದೀನಿ.

ನಾನು ಕದಿರಪ್ಪ. ಕೋಲಾರದ ಟೊಮೆಟೊ ಮಂಡೀಲಿ ನಲವತ್ತು ವರ್ಷ ಹರಾಜು ಕೂಗಿದವನು. ನಾನಲ್ಲಿ ಕೂಗಿದರೆ ಮುಳಬಾಗಿಲಲ್ಲಿ ಎಮ್ಮೆಗಳು ಹಾಲು ಸೊರ ಬಿಡ್ತಿದ್ವು.

ನನ್ನ ಸೊಸೆ ಮುನಿಲಕ್ಷ್ಮಿ ಆ ಕೇಂದ್ರದಲ್ಲಿ ಪ್ರೋಗ್ರಾಮಿಂಗ್ ಕಲೀತಿದ್ದಳು. ಶುಕ್ರವಾರದೊಳಗೆ ಸರ್ಟಿಫಿಕೇಟು ತೋರಿಸಿದರೆ ಕ್ಯಾಲನೂರಿನ ಹಾಲಿನ ಡೈರೀಲಿ ಕೆಲಸ. ಉಳಿದಿದ್ದು ಒಂದೇ ಅಭ್ಯಾಸ: ಮೂವತ್ತು ಟೊಮೆಟೊ ಬಾಕ್ಸುಗಳ ನಂಬರನ್ನ ಲೂಪ್ ಹಾಕಿ, ಅಂದರೆ ಒಂದೇ ಆಜ್ಞೆಯನ್ನ ಮತ್ತೆ ಮತ್ತೆ ಓಡಿಸಿ, ಪರದೆ ಮೇಲೆ ಬರಿಸೋದು. ಸೋಮವಾರ ಶುರುವಾದದ್ದು ಗುರುವಾರಕ್ಕೆ ನಲವತ್ತು ಕೋಟಿ ಬಾಕ್ಸು ದಾಟಿತ್ತು. ಅಭ್ಯಾಸ ಮುಗಿಯದೆ ಸರ್ಟಿಫಿಕೇಟಿಲ್ಲ.

ನಾನು ಬುತ್ತಿ ತಗೊಂಡು ಹೋದವನು ನೋಡಿದ ಕೂಡಲೇ ಅದರ ಕಾಯಿಲೆ ಏನಂತ ಕಂಡುಹಿಡಿದೆ. ಹರಾಜಲ್ಲಿ ಕೊಳೆತ ಬಾಕ್ಸು ಬಂದರೆ ಪಕ್ಕಕ್ಕೆ ತಳ್ಳಿ ಮುಂದಿನದು ಕೂಗ್ತೀವಿ, ಮಾಲು ಮುಗಿದರೆ ಬಾಯಿ ಮುಚ್ತೀವಿ. ಈ ಯಂತ್ರಕ್ಕೆ ಬಾಯಿ ಮುಚ್ಚೋದನ್ನೇ ಯಾರೂ ಹೇಳಿಕೊಟ್ಟಿಲ್ಲ.

ಪಾಠ ಹೇಳೋ ಶೋಭಾರಾಣಿ ಒಪ್ಪಿಕೊಂಡರು. ಕೊಳೆತದ್ದು ದಾಟಿಸೋಕೆ ಕಂಟಿನ್ಯೂ, ನಿಲ್ಲಿಸೋಕೆ ಬ್ರೇಕ್ ಅಂತ ಆಜ್ಞೆಗಳಿವೆಯಂತೆ. ಕಂಟಿನ್ಯೂ ಈ ವರ್ಷ ಮಂಜೂರಾಗಿದೆ, ಬ್ರೇಕ್ ಮುಂದಿನ ವರ್ಷಕ್ಕೆ.

"ಒಂದು ಸಾಲು ಬರೆಯೋಕೂ ಆರ್ಡರ್ ಬೇಕೇನಮ್ಮ?"

"ಸಾಲು ಒಂದೇ ತಾತ. ಸಹಿ ಏಳು."

ಮುನಿಲಕ್ಷ್ಮಿ ಕಣ್ಣೊರೆಸಿಕೊಂಡಳು. "ನಾಳೆ ದಾಟಿದ್ರೆ ಕೆಲ್ಸ ಬೇರೆಯೋರ ಪಾಲು, ಮಾವ."

"ಬರೀ ನೀನು. ಮೂವತ್ತಾದ್ರೆ ಬ್ರೇಕು," ಅಂದೆ. ಬರೆದು ಮತ್ತೆ ಓಡಿಸಿದಳು. ಕಂಪ್ಯೂಟರು ಮೂವತ್ತಕ್ಕೆ ಸುಮ್ಮನಾಯಿತು.

ಸಂಜೆಯೊಳಗೆ ಕೋಲಾರದಿಂದ ಜೀಪು ಬಂತು. ಸಾಹೇಬರು ಜ್ಞಾಪನ ಓದಿದರು: "ಅಭ್ಯಾಸ ನಡೆಯುತ್ತಿರುವವರೆಗೆ ಮಾತ್ರ ಕೇಂದ್ರಕ್ಕೆ ಅನುದಾನವಿರುತ್ತದೆ. ಆದ್ದರಿಂದ ಅಭ್ಯಾಸ ಮುಗಿದಿರುವುದನ್ನು ಈ ಮೂಲಕ ರದ್ದುಪಡಿಸಲಾಗಿದೆ." ಆ ಸಾಲು ಅಳಿಸಿ, ಲೂಪನ್ನ ಒಂದರಿಂದ ಮತ್ತೆ ಶುರು ಮಾಡಿಸಿದರು.

ಇನ್ನು ಅದನ್ನ ಯಾರೂ ನಿಲ್ಲಿಸದ ಹಾಗೆ ಕಾಯಬೇಕಲ್ಲ. ನಿಯಮ ಅಲ್ಲೇ ಹುಟ್ಟಿತು: ಒಮ್ಮೆ ನಿಲ್ಲಿಸಿ ಅನುಭವವಿರುವವರನ್ನೇ ಕಾವಲಿಗೆ ನೇಮಿಸತಕ್ಕದ್ದು. ನಿಲ್ಲಿಸಿದವಳು ಇಡೀ ತಾಲ್ಲೂಕಲ್ಲಿ ಒಬ್ಬಳೇ, ಮುನಿಲಕ್ಷ್ಮಿ. ಹುದ್ದೆ ಲೂಪು ಮುಗಿಯುವವರೆಗೆ, ಅಂದರೆ ಖಾಯಂ.

ಡೈರಿ ಕೆಲಸ ಬೇರೆಯವರಿಗೆ ಹೋಯಿತು. ಸರ್ಟಿಫಿಕೇಟು ಅಭ್ಯಾಸ ಮುಗಿದ ಮೇಲೆ ಕೊಡ್ತಾರಂತೆ. ಮುನಿಲಕ್ಷ್ಮಿ ಈಗ ಅದನ್ನ ಕೇಳೋದೇ ಇಲ್ಲ. ಜೊತೆಗೆ ಕಲೀತಿದ್ದ ಇಪ್ಪತ್ತೊಂಬತ್ತು ಜನ, ನಮಗೂ ಒಂದೊಂದು ನಿಲ್ಲದ ಲೂಪು ಮಂಜೂರು ಮಾಡಿ ಅಂತ ಅರ್ಜಿ ಕೊಟ್ಟಿದ್ದಾರೆ. ಶೋಭಾರಾಣಿಯವರದ್ದೂ ಸೇರಿ ಮೂವತ್ತು.