ಅಟ್ಟ ಸಮೇತ ಮನೆ

ಮರುಳಸಿದ್ದಯ್ಯನ ಸಂಸಾರ ಕೆಟ್ಟಿದ್ದು ಒಂದೇ ಒಂದು ತೆಂಗಿನಕಾಯಿಯಿಂದ. ಅದೂ ಅವನ ಕಾಯಲ್ಲ, ಪಕ್ಕದ ಮನೆ ಪುಟ್ಟಗೌರಮ್ಮನದು.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಅವನ ಹೆಂಡತಿ ದ್ರಾಕ್ಷಾಯಣಮ್ಮ ಅವರೆಕಾಳಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅಟ್ಟದ ಬಾಯಿಂದ ಕಾಯೊಂದು ಉರುಳಿ ನೇರವಾಗಿ ಸಾರಿನ ಪಾತ್ರೆಗೇ ಬಿತ್ತು. ಸಾರು ಗೋಡೆಗೆ, ಕ್ಯಾಲೆಂಡರಿಗೆ, ದ್ರಾಕ್ಷಾಯಣಮ್ಮನ ಹೊಸ ಸೀರೆಗೆ ಸಮನಾಗಿ ಹಂಚಿಹೋಯಿತು. ಮೇಲಿಂದ ಪುಟ್ಟಗೌರಮ್ಮನ ದನಿ ಬಂತು: "ಅಕ್ಕಾ, ಕಾಯಿ ಒಡೀಲಿಲ್ಲ ತಾನೇ?"

ದ್ರಾಕ್ಷಾಯಣಮ್ಮ ಕೂಗಾಡಲಿಲ್ಲ. ಅದೇ ಭಯವಾಗಿದ್ದು. ಸೀರೆ ಬದಲಿಸಿ, ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಳು.

"ಊರೋರ ಕಾಯಿಗೆಲ್ಲ ಈ ಮನೇಲಿ ಜಾಗ ಐತೆ. ನಮಗೆ ಮಾತ್ರ ಇಲ್ಲ. ಎಷ್ಟು ದಿನ ಬಡ್ಕೊಂಡೆ ನಿಮ್ಮ ಹತ್ರ! ಅಟ್ಟ ಖಾಲಿ ಆದ ದಿನ ಹೇಳಿಕಳ್ಸಿ, ಬತ್ತೀನಿ" ಎಂದವಳೇ ತುರುವೇಕೆರೆ ಕಡೆಯ ತವರಿಗೆ ಬಸ್ಸು ಹತ್ತಿಬಿಟ್ಟಳು.

ಹೊನ್ನವಳ್ಳಿಯಲ್ಲಿ ಆ ತೊಟ್ಟಿಮನೆಯನ್ನು ಕಂಡರೆ ಹೊಸಬರು ಎರಡು ನಿಮಿಷ ನಿಂತು ನೋಡದೆ ಹೋಗುತ್ತಿರಲಿಲ್ಲ. ಮರುಳಸಿದ್ದಯ್ಯನ ಅಜ್ಜ ಕಟ್ಟಿಸಿದ್ದು. ಅಪ್ಪಿದರೆ ಕೈ ಕೂಡದಷ್ಟು ದಪ್ಪದ ಹಲಸಿನ ಕಂಬಗಳು, ಬಾಗಿಲವಾಡದ ಮೇಲೆ ಬಳ್ಳಿ ಕಚ್ಚಿದ ಗಿಳಿಗಳು, ನಡುವೆ ಕಲ್ಲಿನ ತೊಟ್ಟಿ. ಇಷ್ಟೆಲ್ಲದರ ನೆತ್ತಿಯ ಮೇಲೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಅಡಿಕೆ ದಬ್ಬೆ ಹಾಸಿದ ಅಟ್ಟ. ಭಾಗವಾದಾಗ ತೋಟವೆಲ್ಲ ಅಣ್ಣನ ಪಾಲಿಗೆ ಹೋಗಿ, ಮನೆ ಇವನ ಪಾಲಿಗೆ ಉಳಿಯಿತು. ಹೀಗೆ ತೋಟವಿಲ್ಲದ, ಬಟ್ಟೆ ಅಂಗಡಿ ಇಟ್ಟುಕೊಂಡ ಮನುಷ್ಯನಿಗೆ ಊರಿನಲ್ಲೇ ದೊಡ್ಡ ಅಟ್ಟ ಬಂತು. ಬೀದಿಯವರಿಗೆ ತೋಟವಿತ್ತು, ಅಟ್ಟವಿರಲಿಲ್ಲ. ಇನ್ನೇನು ಬೇಕು?

ಉಂಡೆ ಕೊಬ್ಬರಿ ಮಾಡುವುದೆಂದರೆ ತಾಳ್ಮೆಯ ಕೆಲಸ. ಕಾಯಿ ಸಿಪ್ಪೆ ಸಮೇತ ಅಟ್ಟದಲ್ಲಿ ಕೂತು, ಕೆಳಗಿನ ಒಲೆಯ ಹೊಗೆ ಕುಡಿದು, ಒಳಗಿನ ನೀರೆಲ್ಲ ಇಂಗಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಣಗಿದ ಕೊಬ್ಬರಿ ಲೊಟಲೊಟ ಅನ್ನಬೇಕು. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ. ಅಲ್ಲಿಯವರೆಗೆ ಯಾರೂ ಅದನ್ನು ಕದಲಿಸುವ ಹಾಗಿಲ್ಲ. ಒಬ್ಬರ ಕಾಯಿ ಒಣಗುವ ಹೊತ್ತಿಗೆ ಇನ್ನೊಬ್ಬರ ಹಸಿಕಾಯಿ ಏಣಿ ಹತ್ತಿರುತ್ತಿತ್ತು. ಹೀಗಾಗಿ ಆ ಅಟ್ಟ ಖಾಲಿಯಾದದ್ದನ್ನು ಮರುಳಸಿದ್ದಯ್ಯ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದು ಖಾಲಿಯಾಗುವುದೂ ಒಂದೇ, ಹೊನ್ನವಳ್ಳಿಗೆ ಸಮುದ್ರ ಬರುವುದೂ ಒಂದೇ.

ಹೆಂಡತಿಯಿಲ್ಲದ ಮನೆಯಲ್ಲಿ ಅವನು ಮಾಡಿದ ಮುದ್ದೆಯನ್ನು ಹಿತ್ತಿಲ ನಾಯಿ ಮೂಸಿ, ಅವನ ಮುಖ ನೋಡಿ, ಹೊರಟುಹೋಯಿತು. ರಾತ್ರಿ ಮಲಗಿದರೆ ಮಾತಾಡುವವರಿಲ್ಲ. ದ್ರಾಕ್ಷಾಯಣಮ್ಮ ಇದ್ದಾಗ ದಿನಾ ಮಲಗುವಾಗ ಏನಾದರೂ ಹೇಳುತ್ತಿದ್ದಳು: ಅಪ್ಪ ಅರಿಶಿನ ಕುಂಕುಮಕ್ಕೆಂದು ತನಗೆ ಬರೆದುಕೊಟ್ಟ ತೋಟದ ತುಂಡು, ಅದರ ಫಸಲು, ಅತ್ತಿಗೆಯ ಮೂತಿ, ಹೀಗೆ. ಅವನು ಮೂರನೆಯ ಮಾತಿಗೆ ಗೊರಕೆ ಹೊಡೆಯುತ್ತಿದ್ದ. ಈಗ ಆ ಮಾತಿಲ್ಲದೆ ನಿದ್ದೆಯೇ ಹತ್ತದು.

ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ಅಟ್ಟ ಖಾಲಿಯಾಗುವುದಿಲ್ಲ, ಆದ್ದರಿಂದ ಮನೆಯನ್ನೇ ಮಾರಿಬಿಡುವುದು. ತಿಪಟೂರಿನಲ್ಲಿ ಎರಡು ರೂಮಿನ ತಾರಸಿ ಮನೆಯೊಂದನ್ನು ನೋಡಿಯೂ ಬಂದ. ತಲೆಯ ಮೇಲೆ ಸಿಮೆಂಟು, ಅದರ ಮೇಲೆ ಆಕಾಶ, ನಡುವೆ ಪುಟ್ಟಗೌರಮ್ಮ ಇಲ್ಲ.

ಮನೆ ನೋಡಲು ದಂಡಿನಶಿವರದ ವೆಂಕಟಯ್ಯನವರು ಬರುವ ದಿನ ಗೊತ್ತಾಯಿತು. ಅವತ್ತು ಬೆಳಿಗ್ಗೆ ಎದ್ದವನೇ ಮರುಳಸಿದ್ದಯ್ಯ ಪಕ್ಕದ ಮನೆಗೆ ಓಡಿದ.

"ಗೌರಕ್ಕ, ಇವತ್ತೊಂದು ದಿನ ಅಟ್ಟ ಹತ್ತಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ನಾನ್ಯಾಕಪ್ಪ ಹತ್ತಾನ! ನನಗೇನು ಬ್ಯಾರೆ ಕೆಲ್ಸ ಇಲ್ವಾ?" ಎಂದಳು ಪುಟ್ಟಗೌರಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ.

ಎದುರು ಮನೆಯ ಹುಚ್ಚರಂಗಯ್ಯ ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದ. "ಮನೆ ಮಾರ್ತೀಯಂತಲ್ಲೋ? ಮಾರ್ಕೋ ಕಣ್ಲಾ ಸಿದ್ದ. ನಿನ್ನ ಮನೆ, ನಿನ್ನಿಷ್ಟ. ನನ್ನ ಕಾಯಲ್ಲಿ ಇನ್ನೂ ನೀರೈತೆ, ಅದು ಇಂಗೋಗಂಟ ತಡಕೋ, ಅಷ್ಟೇಯ."

"ಯಾವಾಗ ಇಂಗ್ತದೆ ಮಾವ?"

"ಬರೋ ಗೌರಿ ಹಬ್ಬಕ್ಕೆ."

ಗೌರಿ ಹಬ್ಬ ಹೋಗಿ ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ದಲ್ಲಾಳಿ ಗಿಡ್ಡಯ್ಯ ಗಿರಾಕಿಯನ್ನು ಕರೆತಂದ. ಹೆಸರಿಗೆ ಗಿಡ್ಡಯ್ಯ, ಆಳು ಮಾತ್ರ ಎಳನೀರು ಕೀಳುವ ದೋಟಿಯ ಹಾಗೆ. ವೆಂಕಟಯ್ಯನವರೋ ಅಗಲಕ್ಕೆ ಬೆಳೆದವರು. ಬಿಳಿ ಪಂಚೆ, ಬಿಳಿ ಶರಟು, ಕಂಕುಳಲ್ಲಿ ಕೊಡೆ. ಒಳಗೆ ಬಂದವರೇ ಕಂಬವೊಂದನ್ನು, ಬಹುದಿನದ ನಂತರ ಸಿಕ್ಕ ಅಳಿಯನನ್ನು ತಬ್ಬುವಂತೆ ತಬ್ಬಿದರು.

"ಭಾಳ ಚೆನ್ನಾಗಿದೆ ಕಣ್ರೀ. ಈಗ ಇಂಥ ಕಂಬ ಎಲ್ಲಿ ಬತ್ತದೆ?"

ಮರುಳಸಿದ್ದಯ್ಯನ ಜೀವ ಅರಳಿತು. ಆಗಲೇ ಮೇಲೆ ದಬ್ಬೆ ಕಿರುಗುಟ್ಟಿತು.

"ಮೇಲ್ಯಾರು?" ಎಂದರು ವೆಂಕಟಯ್ಯನವರು.

"ಇಲಿ."

ಮೇಲೆ ಯಾರೋ ಕೆಮ್ಮಿದರು.

"ಇಲಿ ಕೆಮ್ತದಾ?"

"ಹಳೇ ಮನೆ ಅಲ್ವಾ ಸಾರ್" ಎಂದ ಗಿಡ್ಡಯ್ಯ. "ಇಲಿಗೂ ವಯಸ್ಸಾಗಿದೆ."

ಮರುಳಸಿದ್ದಯ್ಯ ಗಿರಾಕಿಯ ಕೈಹಿಡಿದು ತೊಟ್ಟಿಯ ಕಡೆ ಎಳೆದುಕೊಂಡು ಹೋದ. ಮಳೆ ಬಂದಾಗ ಇಲ್ಲಿ ನೀರಿಳಿಯುವುದನ್ನು ನೋಡಬೇಕು ಎಂದು ಶುರುಮಾಡಿದ್ದನಷ್ಟೇ, ನೆತ್ತಿಯ ಮೇಲೆ ಪುಟ್ಟಗೌರಮ್ಮನ ದನಿ ಸಿಡಿಯಿತು.

"ರಂಗಣ್ಣ, ನನ್ನ ಗುಡ್ಡೆಗೂ ನಿನ್ನ ಗುಡ್ಡೆಗೂ ಮಧ್ಯ ಸೀರೆ ಹಾಸಿದ್ದೆ. ನಿನ್ನೆ ಇಲ್ಲಿತ್ತು, ಇವತ್ತು ಅಲ್ಲೈತೆ. ಸೀರೆಗೇನು ಕಾಲು ಬಂದವಾ?"

"ನಾನ್ಯಾಕಮ್ಮಿ ಮುಟ್ಲಿ ನಿನ್ನ ಹರಕಲು ಸೀರೆಯ?"

"ಮುಟ್ಟದೆ ಇದ್ರೆ ಬೆಳಿಗ್ಗೆಯಿಂದ ಇಲ್ಲೇನು ತಪಸ್ಸು ಮಾಡ್ತಾ ಇದ್ದೀಯಾ?"

"ಮನೆ ನೋಡೋಕೆ ಯಾರೋ ಬತ್ತಾರೆ, ಕಾಯಿ ಎತ್ಕೊಂಡು ಹೋದ್ರೆ ಅಂತ ಕಾವಲಿಗೆ ಬಂದಿವ್ನಿ. ನೀನ್ಯಾಕೆ ಬಂದೆ?"

"ನಾನು ನಿನ್ನ ಕಾವಲಿಗೆ ಬಂದೆ!"

ಆಮೇಲೆ ಏನಾಯಿತೋ ಮೇಲಿದ್ದವರಿಗೇ ಗೊತ್ತಾಗಲಿಲ್ಲ. ಗುಡ್ಡೆ ಜರುಗಿತು. ಮೊದಲು ಒಂದು ಕಾಯಿ ತೊಟ್ಟಿಗೆ ಹಾರಿತು. ಅದರ ಹಿಂದೆ, ಶಾಲೆ ಬಿಟ್ಟ ಮಕ್ಕಳ ಹಾಗೆ, ಉಳಿದವು. ಅವುಗಳ ಜೊತೆ ಅಜ್ಜನ ಕಾಲದಿಂದ ಜೋತುಬಿದ್ದಿದ್ದ, ಒಲೆಯ ಮಸಿ ಹಿಡಿದ ಇಲ್ಲಣವೆಲ್ಲ ಕಳಚಿ ಕರೀ ಮೋಡದಂತೆ ಇಳಿಯಿತು. ಅದು ಸರಿದಾಗ ವೆಂಕಟಯ್ಯನವರು ತೊಟ್ಟಿಯ ಅಂಚಿನಲ್ಲಿ ನಿಂತಿದ್ದರು. ಕಣ್ಣು ಮಾತ್ರ ಬಿಳಿ.

ಮರುಳಸಿದ್ದಯ್ಯ ಅಲ್ಲೇ ಕಂಬಕ್ಕೆ ಒರಗಿ ಕುಸಿದ. ಮುಗಿಯಿತು. ಇನ್ನು ಸಾಯುವವರೆಗೆ ತಾನೇ ಮುದ್ದೆ ಕೆದಕಬೇಕು. ತಾನೇ ತಿನ್ನಬೇಕು. ಸದ್ದಿಗೆ ಬೀದಿಯವರೆಲ್ಲ ಸೇರಿದ್ದಾರೆಂಬ ನಾಚಿಕೆಯೂ ಇಲ್ಲದೆ ಗಳಗಳ ಅತ್ತುಬಿಟ್ಟ.

"ನನ್ನ ಹೆಂಡ್ತಿ ಬರಲ್ಲ ಕಣ್ರಪ್ಪ. ಈ ಅಟ್ಟ ಖಾಲಿ ಆಗೋಗಂಟ ಹೊಸಲು ತುಳಿಯಲ್ಲ ಅವಳು. ನಿಮ್ಮ ಕಾಯಿಗೆ ಒಂದು ವರ್ಷ. ನನಗೆಷ್ಟು ವರ್ಷ? ಹೇಳ್ರಪ್ಪ, ನನಗೆಷ್ಟು ವರ್ಷ?"

ಪುಟ್ಟಗೌರಮ್ಮ ಅಟ್ಟದ ಬಾಯಿಂದ ಇಣುಕಿ ಕಣ್ಣೊರೆಸಿಕೊಂಡಳು. "ಪಾಪ ಕಣಪ್ಪ. ಆ ತಾಯಿ ಇಲ್ದೆ ಬೀದಿಯೇ ಭಣಭಣ ಅಂತೈತೆ. ಅಳಬೇಡ ಸಿದ್ದಣ್ಣ, ಇಂಗೋವಾಗ ಇಂಗ್ತದೆ." ಹುಚ್ಚರಂಗಯ್ಯನೂ ಮೂಗು ಸೀಟಿದ. ಆದರೆ ಒಬ್ಬರೂ ಒಂದು ಕಾಯನ್ನೂ ಇಳಿಸಲಿಲ್ಲ.

ವೆಂಕಟಯ್ಯನವರು ಮುಖ ಒರೆಸಿಕೊಂಡು, ಕಾಲ ಬಳಿ ಬಿದ್ದಿದ್ದ ಕಾಯೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ತಲೆ ಎತ್ತಿ ಅಟ್ಟವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಒಳ್ಳೇ ಅಟ್ಟ ಕಣ್ರೀ. ಬುಡಿ, ಇವರನ್ನೆಲ್ಲ ಯಾಕೆ ಗೋಳಾಡಿಸ್ತೀರಿ? ನಾನು ಮನೇನ ಇದ್ದಂಗೇ ತಗೋತೀನಿ. ಮನೆ ಅಂದ್ಮೇಲೆ ಅಟ್ಟ, ಅಟ್ಟ ಅಂದ್ಮೇಲೆ ಅದರ ಮೇಲಿರೋದು. ಸಂಜೆ ವೀಳ್ಯ ಬದಲಾಯಿಸೋ ಹೊತ್ತಿಗೆ ಏನೇನೈತೋ ಎಲ್ಲಾ ನಂದು."

ಹುಚ್ಚರಂಗಯ್ಯ, "ಲೇ, ಏಣಿ ತರ್ರೋ!" ಎಂದು ಅರಚಿದ.

ಕಣ್ಣೀರಿಗೆ ಆಗದ್ದು ಆ ಒಂದು ಮಾತಿಗೆ ಆಯಿತು. ಏಣಿಗಳು ಬಂದವು, ಕುಕ್ಕೆಗಳು ಬಂದವು. ಮೇಲಿನವರು ಕೊಡುವುದು, ಏಣಿಯವರು ಇಸಿದುಕೊಳ್ಳುವುದು, ಕೆಳಗಿನವರು ಬೀದಿಗೆ ಉರುಳಿಸುವುದು. ಪುಟ್ಟಗೌರಮ್ಮ ಒಂದೊಂದನ್ನೂ ಕಿವಿಗಿಟ್ಟು, "ಅಯ್ಯೋ, ಇನ್ನೂ ನೀರು, ಇದರಲ್ಲೂ ನೀರು" ಎಂದು ಹೆಣದ ಮುಂದೆ ಅಳುವಂತೆ ಅಳುತ್ತಾ ಇಳಿಸಿದಳು.

ಮರುಳಸಿದ್ದಯ್ಯ ಬಸ್ ಸ್ಟಾಪಿಗೆ ಓಡಿದ. ತುರುವೇಕೆರೆ ಕಡೆಯ ಬಸ್ಸು ಹೊರಡುವುದರಲ್ಲಿತ್ತು. "ಸ್ವಾಮಿ, ನಮ್ಮ ಮಾವ ಏಕಾಂತಯ್ಯನವರ ಮನೆ ರಸ್ತೆ ಪಕ್ಕದಲ್ಲೇ. ನನ್ನ ಹೆಂಡ್ತಿಗೆ ಒಂದು ಮಾತು ಹೇಳಿಬುಡಿ. ಅಟ್ಟ ಖಾಲಿ ಆಗ್ತಾ ಐತೆ, ಇವತ್ತೇ ಬರಬೇಕಂತೆ ಅನ್ನಿ." ಕಂಡಕ್ಟರು ನಗುತ್ತಾ ಶೀಟಿ ಊದಿದ.

ಹೊತ್ತು ಇಳಿಯುವ ವೇಳೆಗೆ ಅಟ್ಟ ನಿಜಕ್ಕೂ ಖಾಲಿಯಾಯಿತು. ಮರುಳಸಿದ್ದಯ್ಯ ಏಣಿ ಹತ್ತಿ ತಲೆ ತೂರಿಸಿದ. ಹೆಂಚಿನ ಸಂದಿಗಳಿಂದ ಬಿಸಿಲ ಕೋಲುಗಳು ಇಳಿದು, ನುಣುಪಾದ ಕರೀ ದಬ್ಬೆಗಳ ಮೇಲೆ ಮಲಗಿದ್ದವು. ಅಜ್ಜನ ಕಾಲದ ಮರದ ವಾಸನೆ ಮೂಗಿಗೆ ಬಂತು. ಇಷ್ಟು ಚೆಂದದ ಮನೆ ಯಾರದು ಎಂದು ಅವನಿಗೇ ಅನುಮಾನವಾಯಿತು. ಅಟ್ಟ ಖಾಲಿಯಾಯಿತಲ್ಲ, ಇನ್ನು ಮಾರುವುದಾದರೂ ಯಾಕೆ ಎಂದು ಒಂದು ಯೋಚನೆ ತಲೆ ಎತ್ತಿತು. ಅಷ್ಟರಲ್ಲಿ ಕೆಳಗಿಂದ ಪುಟ್ಟಗೌರಮ್ಮ ಕೂಗಿದಳು: "ಸಿದ್ದಣ್ಣ, ಒಂದು ವ್ಯಾಳೆ ಮಾರದೆ ಇದ್ರೆ ಹೇಳಪ್ಪ. ಕತ್ತಲಾಗೋದ್ರೊಳಗೆ ಮತ್ತೆ ಮೇಲಕ್ಕೆ ಹಾಕ್ಬುಡಾನ!"

ಯೋಚನೆ ಅಲ್ಲೇ ಸತ್ತಿತು. ಮರುಳಸಿದ್ದಯ್ಯ ಏಣಿಯಿಂದ ಹೆಚ್ಚು ಕಡಿಮೆ ಬಿದ್ದೇ ಇಳಿದ. ಜಗಲಿಯ ಮೇಲೆ, ಇಡೀ ಬೀದಿಯ ಎದುರಿಗೆ, ವೆಂಕಟಯ್ಯನವರ ಜೊತೆ ವೀಳ್ಯ ಬದಲಾಯಿಸಿದ. ಆ ಸೀಮೆಯಲ್ಲಿ ವೀಳ್ಯ ಕೈಸೇರಿತೆಂದರೆ ಮುಗಿಯಿತು, ರಿಜಿಸ್ಟ್ರಿ ಎಂಬುದು ಆಮೇಲಿನ ಮೆರವಣಿಗೆ.

ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಹಿಂದಿನ ಟ್ರೇಲರು ತುಂಬ ಹಸಿ ತೆಂಗಿನಕಾಯಿ. ಕಾಯಿಯ ರಾಶಿಯ ಮೇಲೆ, ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು, ದ್ರಾಕ್ಷಾಯಣಮ್ಮ! ಐದಾರು ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗುವಿತ್ತು.

"ಅಂತೂ ಬುದ್ಧಿ ಬಂತಲ್ಲ ನಿಮಗೆ!" ಎಂದಳು ಮೇಲಿಂದಲೇ. "ನಮ್ಮಪ್ಪ ಕೊಟ್ಟ ತೋಟದ ಮೊದಲ್ನೇ ಕಾಯಿ ಕಣ್ರೀ. ದೀಪಾವಳಿಗೆ ಮುಂಚೆಯಿಂದ ಅವರ ಅಂಗಳದಲ್ಲಿ ಬಿದ್ದಿತ್ತು. ನಮ್ಮತ್ತಿಗೆ ಅವಳ ಅಟ್ಟದಾಗೆ ಒಂದು ಕಾಯಿಗೂ ಜಾಗ ಕೊಡಲಿಲ್ಲ. ಸ್ವಂತ ಅಟ್ಟ ಇಟ್ಕೊಂಡು ಇನ್ನೊಬ್ಬರ ಮುಂದೆ ಕೈ ಒಡ್ಡಬೇಕಾ ಅಂತ ಎಷ್ಟು ರಾತ್ರಿ ಹೇಳ್ಲಿಲ್ಲ ನಾನು? ಏಳಿ, ಏಣಿ ಇಡಿ."

ಎಷ್ಟೋ ರಾತ್ರಿಗಳ ಮೂರನೆಯ ಮಾತು, ನಾಲ್ಕನೆಯ ಮಾತು, ತಾನು ಗೊರಕೆ ಹೊಡೆದ ಅಷ್ಟೂ ಮಾತು ಈಗ ಒಟ್ಟಿಗೇ ಮರುಳಸಿದ್ದಯ್ಯನ ಕಿವಿಗೆ ಬಂದವು.

"ಮ... ಮನೆ ಮಾರಿಬುಟ್ಟೆ ಕಣೇ" ಎಂದ.

"ಏನು?"

"ನಿನಗೋಸ್ಕರಾನೇ. ತಿಪಟೂರಿನಾಗೆ ತಾರಸಿ ಮನೆ ನೋಡಿವ್ನಿ. ಅಟ್ಟಾನೇ ಇಲ್ಲ! ತಲೆ ಮೇಲೆ ಒಂದು ಕಡ್ಡೀನೂ ಬೀಳಲ್ಲ!"

ದ್ರಾಕ್ಷಾಯಣಮ್ಮ ಖಾಲಿ ಅಟ್ಟದ ಕಡೆ ನೋಡಿದಳು, ವೆಂಕಟಯ್ಯನವರ ಕೈಲಿದ್ದ ವೀಳ್ಯ ನೋಡಿದಳು.

"ಯಜಮಾನ್ರೆ, ಒಂದು ಮೂಲೇಲಿ ನಮ್ಮ ಕಾಯಿಗೆ..."

"ಕ್ಷಮಿಸಬೇಕು ತಾಯಿ" ಎಂದರು ವೆಂಕಟಯ್ಯನವರು, ನಿಜಕ್ಕೂ ಮರುಗಿ. "ನನ್ನ ತೋಟ ದೊಡ್ಡದು. ಕಾಯಿ ಹಾಕೋಕೆ ಅಂತಲೇ ಈ ಮನೆ ತಗೊಂಡಿದ್ದು. ನಾಳೆ ಬೆಳಿಗ್ಗೆ ಲಾರಿ ಬತ್ತದೆ."

ದ್ರಾಕ್ಷಾಯಣಮ್ಮ ಕೆಳಗೆ ಇಳಿಯಲೇ ಇಲ್ಲ. "ಅಟ್ಟ ಇಲ್ಲದ ಮನೇಲಿ ಯಾರ್ರೀ ಇರ್ತಾರೆ?" ಎಂದು ಗಂಡನನ್ನೊಮ್ಮೆ ನೋಡಿ, ಟ್ರ್ಯಾಕ್ಟರಿನವನಿಗೆ ಹೇಳಿದಳು: "ತಿರುಗ್ಸಪ್ಪ." ಬೀದಿ ತುಂಬ ಕಾಯಿ ಹರಡಿದ್ದರಿಂದ ತಿರುಗಿಸಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ಬೇರೆ ಕಡೆಗೇ ಮುಖ ಮಾಡಿ ಕೂತಿದ್ದಳು. ಆಮೇಲೆ ಧೂಳು ಮಾತ್ರ ಉಳಿಯಿತು.

ಮರುಳಸಿದ್ದಯ್ಯ ಇನ್ನು ತನ್ನದಲ್ಲದ ಜಗಲಿಯ ಮೇಲೆ ಕೂತ. ಪುಟ್ಟಗೌರಮ್ಮ ಬಂದು ಪಕ್ಕದಲ್ಲಿ ಕೂತು, ಬೆನ್ನು ಸವರಿದಳು. ಎಷ್ಟಾದರೂ ನೆರೆಯವಳು. ಆ ಕೈಯ ಬಿಸಿಗೆ ಅವನ ಕಣ್ಣು ಮತ್ತೆ ತುಂಬಿತು.

"ಸಿದ್ದಣ್ಣ."

"ಏನಕ್ಕ?"

"ತಿಪಟೂರಿನ ಮನೆಗೆ ಎರಡು ರೂಮಂತಲ್ಲ?"

"ಹೂಂ."

"ಆ ತಾಯಿಯಂತೂ ಬರೋ ಹಂಗೆ ಕಾಣಲ್ಲ. ಒಬ್ಬನಿಗೆ ಎರಡು ರೂಮು ಯಾಕಪ್ಪ?" ಎಂದಳು, ಬೀದಿಯಲ್ಲಿ ಬಿದ್ದಿದ್ದ ರಾಶಿಯ ಕಡೆ ಕಣ್ಣು ಹಾಯಿಸಿ. ಹುಚ್ಚರಂಗಯ್ಯ ಆಗಲೇ ಗಾಡಿಗೆ ಎತ್ತು ಹೂಡುತ್ತಿದ್ದ.

ಗುಡ್ಡೆಯಿಂದ ಒಂದು ಕಾಯಿ ಜಾರಿ, ಉರುಳುತ್ತಾ ಬಂದು ಮರುಳಸಿದ್ದಯ್ಯನ ಕಾಲಿಗೆ ತಗಲಿ ನಿಂತಿತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ; ಎತ್ತಿ ಕಿವಿಗಿಟ್ಟು ಅಲ್ಲಾಡಿಸಿದ.

ಒಳಗೆ ಇನ್ನೂ ಬೇಕಾದಷ್ಟು ನೀರಿತ್ತು.