ಹಲ್ಲಿಲ್ಲದ ಫೋಕಸರ್

ನಾನು ಬೇಗ ಗಾಬರಿ ಬೀಳುವವರ ಪೈಕಿ. ಕುಕ್ಕರ್ ಕೂಗಿದರೆ ಎದೆ ಹಿಡಿದುಕೊಳ್ಳುತ್ತೇನೆ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ, ಯಾರೋ ಹೋಗಿಬಿಟ್ಟರೆಂದು ಮೊದಲೇ ಮುಖ ಸಪ್ಪೆ ಮಾಡಿಕೊಂಡು ಎತ್ತುತ್ತೇನೆ. ಇಂಥವನು ಆಕಾಶ ನೋಡುವ ಹವ್ಯಾಸ ಹಚ್ಚಿಕೊಂಡದ್ದು ಒಂದು ಧೈರ್ಯದ ಮೇಲೆ: ಅಲ್ಲಿ ಏನೇ ಆದರೂ ಬಹಳ ದೂರದಲ್ಲಿ ಆಗುತ್ತದೆ, ನಮ್ಮ ತಂಟೆಗೆ ಬರುವುದಿಲ್ಲ. ಚನ್ನಪಟ್ಟಣದ ನಮ್ಮ ಮನೆಯ ತಾರಸಿಯಲ್ಲಿ ಒಂದು ದೂರದರ್ಶಕವಿದೆ. ಅದರ ಕೆಳತುದಿಯಲ್ಲಿರುವುದು ಫೋಕಸರ್. ತಿರುಪು ತಿರುಗಿಸಿದರೆ, ಕಣ್ಣಿಟ್ಟು ನೋಡುವ ಗಾಜನ್ನು ಹೊತ್ತ ಕೊಳವೆ ಒಳಕ್ಕೂ ಹೊರಕ್ಕೂ ಸರಿದು ಮಸುಕಾದದ್ದು ಸ್ಪಷ್ಟವಾಗಬೇಕು. ನನ್ನದು ದೂರದರ್ಶಕದ ಜೊತೆಗೇ ಬಂದ ಅಗ್ಗದ ಫೋಕಸರ್. ಬೆರಳು ತಾಗಿದರೆ ಸಾಕು, ಗುರುಗ್ರಹ ಮೈಮೇಲೆ ದೇವರು ಬಂದವರಂತೆ ಕುಣಿಯುತ್ತಿತ್ತು.

ಬದಲಾಯಿಸೋಣವೆಂದು ಹೊರಟಾಗ ಮೊದಲ ಆಘಾತ. ಫೋಕಸರಿನಲ್ಲಿ ಇಷ್ಟು ಬಗೆಗಳಿವೆಯೆಂದಾಗಲೀ, ಅವುಗಳ ಸಲುವಾಗಿ ಓದಿದವರು, ವಯಸ್ಸಾದವರು ಇಂಟರ್ನೆಟ್ಟಿನಲ್ಲಿ ಜುಟ್ಟು ಹಿಡಿದು ಜಗಳವಾಡುತ್ತಾರೆಂದಾಗಲೀ ನನಗೆ ಗೊತ್ತಿರಲಿಲ್ಲ. ಮುಖ್ಯವಾಗಿ ಎರಡು ಪಂಗಡ. ಒಂದರಲ್ಲಿ ಹಲ್ಲಿನ ಚಕ್ರ ಕೊಳವೆಯ ಮೇಲಿನ ಹಲ್ಲಿನ ಪಟ್ಟಿಯನ್ನು ಕಚ್ಚಿ ಅದನ್ನು ತಳ್ಳುತ್ತದೆ. ಇನ್ನೊಂದಕ್ಕೆ ಹಲ್ಲೇ ಇಲ್ಲ. ನುಣುಪಾದ ಉಕ್ಕಿನ ಕಡ್ಡಿಯೊಂದು ಕೊಳವೆಯನ್ನು ಒತ್ತಿ ಹಿಡಿದು, ಆ ಒತ್ತಿನಿಂದಲೇ ಸರಿಸುತ್ತದೆ. ತಿರುಗಿಸುವುದು ಬಹಳ ನಯವಂತೆ. ವಾರಗಟ್ಟಲೆ ಓದಿದೆ, ಊಟದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಓದಿದೆ. "ನಿಮ್ ತಂಗಿಗೆ ಗಂಡು ಒಪ್ಪಿದ್ದು ಒಂದೇ ಭಾನುವಾರದಲ್ಲಿ, ದೊಡ್ಡಮಳೂರು ದೇವಸ್ಥಾನದಲ್ಲಿ ಕೂತ್ಕೊಂಡು" ಎಂದು ಹೆಂಡತಿ ಸವಿತಾ ನೆನಪಿಸಿದಳು. ಕೊನೆಗೆ ಹಲ್ಲಿಲ್ಲದ್ದನ್ನೇ ಆರಿಸಿದೆನೆಂದಾಗ ಅವಳೂ ಗಾಬರಿಯಾದಳು. "ಹಲ್ಲೇ ಇಲ್ದಿದ್ರೆ ಅದು ಹೆಂಗ್ರೀ ಹಿಡ್ಕೊತದೆ?" ನನಗೂ ಪೂರ್ತಿ ಅರ್ಥವಾಗಿರಲಿಲ್ಲವಾದ್ದರಿಂದ, ಅದು ವಿಜ್ಞಾನ ಎಂದು ಹೇಳಿ ಬಾಯಿ ಮುಚ್ಚಿಸಿದೆ.

ಇಷ್ಟೆಲ್ಲ ಪಾಡು ಪಟ್ಟದ್ದು ಸಾತನೂರಿನ ಮಾವನಿಗಾಗಿ. ಹಿಪ್ಪುನೇರಳೆ ಬೆಳೆದು, ಹಸು ಕಟ್ಟಿ ಬದುಕಿದ ಮನುಷ್ಯ. ಒಮ್ಮೆ ನೆಂಟರ ಪಂಕ್ತಿಯಲ್ಲೇ, "ಅಳಿಯಂದ್ರು ಒಳ್ಳೇರೇಯ. ಆದ್ರೆ ಮಳೆ ನೋಡಕ್ಕಲ್ದೆ ಸುಮ್ಸುಮ್ನೆ ಮ್ಯಾಕ್ಕೆ ನೋಡೋ ಗಂಡಸು ಅಂತ ನಾನ್ ಕಂಡಿದ್ದು ಇವ್ರೊಬ್ರನ್ನೇ" ಎಂದಿದ್ದರು. ಎರಡನೇ ಸಲದ ಪಾಯಸ ಬೇಡವೆಂದು ಎದ್ದಿದ್ದೆ. ಈಗ ಅವರು ಕಣ್ಣಿನ ಪೊರೆ ತೆಗೆಸಿಕೊಂಡು, ಗೋಡೆಯ ಮೇಲಿನ ಇರುವೆಯನ್ನೂ ಬಿಡದೆ ಎಲ್ಲವನ್ನೂ ಹೊಸದಾಗಿ ನೋಡುತ್ತಿದ್ದರು. ಆ ಕಣ್ಣಿಗೆ ಶನಿಗ್ರಹದ ಉಂಗುರ ತೋರಿಸಿ, ನಾನೂ ಒಬ್ಬ ಮನುಷ್ಯನೆಂದು ಒಪ್ಪಿಸಬೇಕು ಎಂಬುದು ನನ್ನ ಹಟ. "ಶನಿ ನಮ್ನ ನೋಡೋದ್ ಸಾಲ್ದು ಅಂತ ನಾವೇ ಹೋಗಿ ಅವನ್ನ ನೋಡದಾ?" ಎಂದು ಫೋನಿನಲ್ಲಿ ಬೆಚ್ಚಿದರಾದರೂ, ಬಸ್ಸು ಹತ್ತಿ ಬಂದರು.

ಬೆಳಿಗ್ಗೆ ಹೊಸ ಫೋಕಸರನ್ನು ಕೂರಿಸಿ ಕೆಲಸಕ್ಕೆ ಹೋದೆ. ಸಂಜೆ ಬಂದು ಮಾವನನ್ನು ತಾರಸಿಯ ಸ್ಟೂಲಿನ ಮೇಲೆ ಕೂರಿಸಿ, ದೂರದರ್ಶಕವನ್ನು ಶನಿಯ ಕಡೆ ಎತ್ತಿದೆ. ಕೊಳವೆ ಸರ್ರನೆ ಹೊರಕ್ಕೆ ಜಾರಿತು. "ಅಯ್ಯಯ್ಯೋ!" ಎಂದೆ. ತಿರುಗಿಸಿ ಒಳಕ್ಕೆ ಕಳಿಸಿದರೆ ಮತ್ತೆ ಸರ್ರನೆ ಹೊರಕ್ಕೆ. ತಿರುಪು ಬಿಗಿ ಮಾಡಿದರೂ ಅದೇ ಹಾಡು. ಮಾವನೆದುರಿಗೇ ಮರ್ಯಾದೆ ಹೋಗುತ್ತಿದೆಯಲ್ಲಾ ಎಂಬ ಸಿಟ್ಟಿನಲ್ಲಿ ಮಾರಿದವರಿಗೆ ಫೋನ್ ಹಚ್ಚಿ, ಬೀದಿಗೆಲ್ಲ ಕೇಳುವಂತೆ ಕೂಗಿದೆ. ಆ ಕಡೆಯವರು ಸಮಾಧಾನವಾಗಿ, "ಎಣ್ಣೆ ಏನಾದ್ರೂ ತಾಗಿದ್ಯಾ ಸರ್? ಎಣ್ಣೆ ಬಿದ್ರೆ ಇದು ಜಾರುತ್ತೆ" ಎಂದರು. "ಎಣ್ಣೆನಾ? ಇದಕ್ಕೆ ಎಣ್ಣೆ ಬಿಡೋ ಅಂಥಾ ಪೆದ್ದರು ನಮ್ಮ ಮನೇಲಿ ಯಾರಿದ್ದಾರ್ರೀ?"

ಸ್ಟೂಲಿನ ಕಡೆಯಿಂದ ಸಣ್ಣ ಕೆಮ್ಮು ಕೇಳಿಸಿತು. "ನಾನೇಯ ಅಳಿಯಂದ್ರೇ" ಎಂದರು ಮಾವ. "ಮಧ್ಯಾಹ್ನ ಬಂದ್ ನೋಡ್ದೆ. ಹೊಸಾ ಮಿಷನ್ನು, ಪಾಪ ಒಣಗೋಗಿತ್ತು. ಸವಿತನ ಹೊಲಿಗೆ ಮಿಷನ್ ಎಣ್ಣೆ ಒಸಿ ಬುಟ್ಟೆ."

ಆಗ ನನಗೆ ಆದದ್ದನ್ನು ಗಾಬರಿ ಎಂದರೆ ಕಡಿಮೆಯಾಯಿತು. ತಾರಸಿ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಕೈಯಲ್ಲಿದ್ದ ಫೋನು "ಸರ್, ಸರ್" ಅನ್ನುತ್ತಲೇ ಇತ್ತು. ಮೇವು ಕತ್ತರಿಸುವ ಮಿಷನ್ನಿರಲಿ, ಬಾವಿಯ ರಾಟೆಯಿರಲಿ, ತೊಟ್ಟಿಲ ಕೊಂಡಿಯಿರಲಿ, ತಿರುಗುವ ಯಾವುದಕ್ಕೂ ಎಣ್ಣೆ ಬಿಡುವುದು ಅವರ ಕಡೆ ಪ್ರೀತಿ ತೋರಿಸುವ ಕ್ರಮ. ಮೊದಲ ಬಾರಿಗೆ ನನ್ನ ಹವ್ಯಾಸಕ್ಕೆ ಮಾವ ಪ್ರೀತಿ ತೋರಿಸಿದ್ದರು. ನಾನು ಪೆದ್ದರು ಎಂದಿದ್ದೆ.

"ನಿಂತ್ಕೊಂಡು ಏನ್ ನೋಡ್ತೀರಿ, ನಿಮ್ ಶನಿ ಪಕ್ಕದ್ಮನೆ ನೀರಿನ ಟ್ಯಾಂಕ್ ಹಿಂದೆ ಹೋಗ್ತಾ ಇದೆ" ಎಂದು ಸವಿತಾ ಎಚ್ಚರಿಸಿದಳು. ಬಿಚ್ಚಿ ಒರೆಸಲು ಹೊತ್ತಿರಲಿಲ್ಲ. ಎರಡೂ ಕೈಯಲ್ಲಿ ಕೊಳವೆಯನ್ನು ಅವುಚಿ ಹಿಡಿದು ಬಗ್ಗಿ ನಿಂತೆ. ಮಾವ ಕಣ್ಣಿಟ್ಟರು. "ಒಸಿ ಒಳೀಕೆ... ಜಾಸ್ತಿ ಆಯ್ತು... ಒಸಿ ಈಚೀಗ್ ಬನ್ನಿ... ಆಂ, ಅಲ್ಲೇಯ! ಉಸುರ್ ಬುಡ್ಬೇಡಿ!" ಬಿಡಲಿಲ್ಲ. ಅವರೂ ಬಿಟ್ಟಂತೆ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ, "ಅಯ್ಯೋ ಶಿವನೇ! ಉಂಗ್ರ ಐತೆ ಕಣವ್ವಾ! ದಿಟವಾಗ್ಲೂ ಐತೆ!" ಎಂದರು. ಕೈಮುಗಿದು ಶನಿದೇವರಿಗೆ ತಪ್ಪಾಯಿತೆಂದರು, ಮತ್ತೆ ಕಣ್ಣಿಟ್ಟರು. ಆಮೇಲೆ ಅಕ್ಕಪಕ್ಕದವರನ್ನೆಲ್ಲ ಅವರೇ ಕೂಗಿ ಕರೆದರು. ಬಂದವರೆಲ್ಲ ನನಗೆ ಒಳಕ್ಕೆ ಹೊರಕ್ಕೆ ಎಂದು ಅಪ್ಪಣೆ ಕೊಟ್ಟು ಉಂಗುರ ನೋಡಿಹೋದರು. ನನಗೊಬ್ಬನಿಗೆ ಕಾಣಲಿಲ್ಲ.

ಮರುದಿನ ಮಾವ ಊರಿಗೆ ಹೊರಟರು. ನಾನು ಎಣ್ಣೆ ಒರೆಸಲು ಮೆಡಿಕಲ್ ಸ್ಟೋರಿನಿಂದ ಸ್ಪಿರಿಟ್ ತಂದೆ. ಇನ್ನೇನು ಮುಚ್ಚಳಕ್ಕೆ ಕೈ ಹಾಕಬೇಕು, ಸಾತನೂರಿನಿಂದ ಫೋನು. "ಅಳಿಯಂದ್ರೇ, ಆ ಎಣ್ಣೆ ಒರಸ್ಬುಟ್ಟೀರಿ, ಜ್ವಾಕೆ. ಭಾನ್ವಾರ ನಮ್ಮೂರೋರ್ನ ಕರ್ಕಂಡ್ ಬತ್ತೀನಿ. ಆ ಮಿಷನ್ಗಿಂತ ನೀವ್ ಹಿಡ್ಕಂಡ್ರೇ ಸಂದಾಗ್ ಕಾಣ್ತದೆ."

ಅಷ್ಟು ವಾರ ಓದಿದ ಒಂದು ವಿಮರ್ಶೆಯಲ್ಲೂ ಅಳಿಯ ಎಂಬ ಮಾದರಿಯ ಪ್ರಸ್ತಾಪ ಇರಲಿಲ್ಲ. ಸೊಂಟ ಇನ್ನೂ ನೋಯುತ್ತಿದೆ. ಸ್ಪಿರಿಟ್ ಬಾಟಲಿ ಮೇಜಿನ ಮೇಲಿದೆ, ಅದರ ಸೀಲನ್ನು ನಾನಿನ್ನೂ ಒಡೆದಿಲ್ಲ.